ನಿದ್ದೆಗೆ ಕಾವಲು ಕೂರುವ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಇದೇ ಪುಟದಲ್ಲಿ ನನ್ನ ಕೆಲಸದ ಬಗ್ಗೆ ನಾಲ್ಕು ಸಾಲು ಬಂದಿತ್ತು. ನಾನು ಕುಂಬಳೆ ಕಡೆಯವಳು. 14 ವರ್ಷದಿಂದ ಮಂಗಳೂರಿನ ಒಂದು ಆಸ್ಪತ್ರೆಯ ಸ್ಲೀಪ್ ಲ್ಯಾಬಿನಲ್ಲಿ ಟೆಕ್ನಿಷಿಯನ್, ಅಂದರೆ ರಾತ್ರಿಯಿಡೀ ರೋಗಿಗಳ ನಿದ್ದೆ, ಉಸಿರು ಅಳೆಯುವವಳು. ಸಂಜೆ ರೈಲು ಹತ್ತಿ ಹೋಗುತ್ತೇನೆ, ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿಗೆ ಮನೆಗೆ ಬರುತ್ತೇನೆ. ಆ ನಾಲ್ಕು ಸಾಲು ಓದಿ ಬಹಳ ಜನ ಬರೆದಿದ್ದಾರೆ. ಹೆಚ್ಚಿನವರು ನಮ್ಮ ಕಾಸರಗೋಡಿನವರೇ. ಎಲ್ಲದಕ್ಕೂ ಉತ್ತರಿಸಲು ಜಾಗ ಸಾಲದು, ಏಳು ಪ್ರಶ್ನೆ ಆರಿಸಿದ್ದೇನೆ. ರಿಪೋರ್ಟ್ ಕಳಿಸಿ ಅರ್ಥ ಕೇಳಿದವರು ದಯವಿಟ್ಟು ಬೇಸರ ಮಾಡಬೇಡಿ. ನಾನು ಡಾಕ್ಟರಲ್ಲ. ಅದನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಬೇಕು.

ನಮ್ಮವರಿಗೆ 52 ವರ್ಷ. ಜೋರು ಗೊರಕೆ. ನಡುವೆ ಉಸಿರು ನಿಂತೇ ಹೋಗುತ್ತದೆ, ಆಮೇಲೆ ಬೆಚ್ಚಿಬಿದ್ದ ಹಾಗೆ ಉಸಿರು ಎಳೆಯುತ್ತಾರೆ. ಡಾಕ್ಟರು ಸ್ಲೀಪ್ ಸ್ಟಡಿ ಬರೆದುಕೊಟ್ಟಿದ್ದಾರೆ. "ಮೈಗೆಲ್ಲ ವಯರು ಸುತ್ತಿದರೆ ಯಾರಿಗೆ ನಿದ್ದೆ ಬರ್ತದೆ? ಕರೆಂಟ್ ಹೊಡೆದರೆ?" ಅಂತ ಇವರು ಒಪ್ಪುತ್ತಿಲ್ಲ. – ಬಾಯಾರಿನ ಗೃಹಿಣಿ

ಅಕ್ಕಾ, ನಿಮ್ಮವರಿಗೆ ಮೊದಲು ಇದನ್ನು ಓದಿ ಹೇಳಿ. ಆ ವಯರುಗಳಿಂದ ಮೈಗೆ ಕರೆಂಟ್ ಬರುವುದೇ ಇಲ್ಲ. ಮೈಯೊಳಗೆ ಹೇಗೂ ಇರುವ ಸಣ್ಣ ಸಣ್ಣ ಸಿಗ್ನಲ್‌ಗಳನ್ನು ಅವು ಹೊರಗೆ ತರುತ್ತವೆ, ಅಷ್ಟೆ. ಮಿದುಳಿನ ಅಲೆಗೆ ತಲೆಯ ಮೇಲೆ, ಕಣ್ಣಿನ ಓಡಾಟಕ್ಕೆ ಕಣ್ಣಂಚಿನಲ್ಲಿ, ಸ್ನಾಯುವಿನ ಬಿಗಿತ ತಿಳಿಯಲು ಗದ್ದದ ಮೇಲೆ ಮತ್ತು ಕಾಲಿಗೆ, ಹೃದಯಕ್ಕೆ ಎದೆಯ ಮೇಲೆ. ಮೂಗಿನ ಹತ್ತಿರ ಉಸಿರು ಹಿಡಿಯಲು ಒಂದು ತೆಳು ಕೊಳವೆ. ಎದೆಗೆ ಒಂದು, ಹೊಟ್ಟೆಗೆ ಒಂದು ಬೆಲ್ಟ್, ಅಂಗಿಯ ಮೇಲಿಂದಲೇ. ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್. ಇದನ್ನೆಲ್ಲ ಹಚ್ಚಲು ನನಗೆ ಮುಕ್ಕಾಲು ಗಂಟೆ ಬೇಕು. ಮೂಗಿನ ಬುಡದಿಂದ ಹಿಂತಲೆಯ ಗಂಟಿನವರೆಗೆ ಟೇಪ್ ಹಿಡಿದು ಅಳೆದು, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ಆ ಜಾಗದ ಚರ್ಮ ಉಜ್ಜಿ, ಪೇಸ್ಟ್ ತುಂಬಿದ ಪುಟ್ಟ ಬಟ್ಟಲನ್ನು ಒತ್ತುತ್ತೇನೆ. ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಮೆಷಿನ್ ಅಳತೆ ತೋರಿಸುತ್ತದೆ. 5 ಕಿಲೋ ಓಮ್‌ಗಿಂತ ಕೆಳಗೆ ಬಂದರೆ ಸಮಾಧಾನ.

ಇಲ್ಲಿ ನಮ್ಮೂರಿನವರಿಗೇ ಒಂದು ಮಾತು ಹೇಳಬೇಕು. ತಲೆಗೆ ತೆಂಗಿನೆಣ್ಣೆ ಹಾಕಿಕೊಂಡು ಬರಬೇಡಿ! ಆಸ್ಪತ್ರೆಗೆ ಹೋಗುವುದಲ್ವಾ ಅಂತ ಚೆನ್ನಾಗಿ ಎಣ್ಣೆ ತಟ್ಟಿ ಬಾಚಿಕೊಂಡು ಬರುತ್ತಾರೆ. ಬಟ್ಟಲು ಹಿಡಿಯುವುದೇ ಇಲ್ಲ, ಅರ್ಧ ರಾತ್ರಿಗೆ ಜಾರಿ ದಿಂಬಿನ ಮೇಲೆ. ಆ ದಿನ ತಲೆಗೆ ಶಾಂಪೂ ಹಾಕಿ ಸ್ನಾನ ಮಾಡಿ, ಒಣಗಿಸಿ ಬಂದರೆ ಸಾಕು. ಹೆಂಗಸರು ಮಲ್ಲಿಗೆ ಮುಡಿದು ಬಂದರೆ ತೆಗೆದಿಡಬೇಕಾಗುತ್ತದೆ. ಉಗುರಿಗೆ ಬಣ್ಣ ಬೇಡ. ಹಣೆಯ ಗಂಧ, ಕುಂಕುಮ ಒರೆಸಬೇಕಾದರೆ ನಾನು ಕೇಳಿಯೇ ಒರೆಸುತ್ತೇನೆ.

ನಿದ್ದೆ ಬರ್ತದಾ? ಬರ್ತದೆ. ಮನೆಯಷ್ಟು ಚೆನ್ನಾಗಿ ಬರುವುದಿಲ್ಲ, ಅದು ನಮಗೂ ಗೊತ್ತು, ಡಾಕ್ಟರಿಗೂ ಗೊತ್ತು. ನಿಮ್ಮವರಂಥ ಗೊರಕೆಯವರು ಎಷ್ಟೋ ಜನ "ನನಗೆ ಇಲ್ಲಿ ನಿದ್ದೆ ಬರ್ಲಿಕ್ಕಿಲ್ಲ" ಅನ್ನುತ್ತಲೇ ಐದು ನಿಮಿಷದಲ್ಲಿ ಮಲಗಿಬಿಟ್ಟಿದ್ದಾರೆ. ಅವರಿಗೆ ಅಷ್ಟು ನಿದ್ದೆ ಬಾಕಿ ಇರುತ್ತದೆ. ಯಾಕೆಂದರೆ ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ. ಎದೆ, ಹೊಟ್ಟೆ ಪ್ರಯತ್ನ ಪಡುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಆಕ್ಸಿಜನ್ ಇಳಿಯುತ್ತದೆ. ಮಿದುಳು ಒಂದು ಕ್ಷಣ ಎಚ್ಚರಗೊಂಡು ದಾರಿ ತೆರೆಸುತ್ತದೆ. ಬೆಳಿಗ್ಗೆ ಅವರಿಗೆ ಅದರ ನೆನಪೇ ಇರುವುದಿಲ್ಲ. ಹೀಗೆ 10 ಸೆಕೆಂಡಾದರೂ ಉಸಿರು ನಿಂತರೆ ನಾವು ಅದನ್ನು ಒಂದು ಎಂದು ಲೆಕ್ಕ ಹಾಕುತ್ತೇವೆ. ಉಸಿರು ಪೂರ್ತಿ ನಿಲ್ಲದೆ ತೀರಾ ಕಡಿಮೆಯಾಗಿ ಆಕ್ಸಿಜನ್ ಇಳಿದರೆ ಅದೂ ಲೆಕ್ಕಕ್ಕೆ. ದೊಡ್ಡವರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ತೊಂದರೆಯಿಲ್ಲ ಎನ್ನುತ್ತಾರೆ. 15ರವರೆಗೆ ಸ್ವಲ್ಪ, 30ರವರೆಗೆ ಮಧ್ಯಮ, ಅದರ ಮೇಲೆ ಹೋದರೆ ಜೋರು. ಗಂಟೆಗೆ 70 ಸಲ ನಿಂತದ್ದನ್ನೂ ನಾನು ನೋಡಿದ್ದೇನೆ. ನಿಮಿಷಕ್ಕೊಂದರ ಮೇಲೆ! ಅಂಥವರ ಹೆಂಡತಿಯರು ಬೆಳಿಗ್ಗೆ ನನ್ನ ಮುಖ ನೋಡುವ ರೀತಿ ನನಗೆ ಗೊತ್ತು. ಅವರೂ ಎಷ್ಟೋ ವರ್ಷ ಕತ್ತಲಲ್ಲಿ ಕೂತು ಇದನ್ನೇ ಎಣಿಸಿರುತ್ತಾರೆ. ನೀವೂ ಎಣಿಸಿದ್ದೀರಿ ಅಂತ ನಿಮ್ಮ ಪತ್ರದಲ್ಲೇ ಗೊತ್ತಾಯಿತು ಅಕ್ಕಾ. ಒಂದು ರಾತ್ರಿ ಆ ಎಣಿಕೆಯನ್ನು ನಮಗೆ ಬಿಡಿ, ನೀವು ಮನೆಯಲ್ಲಿ ಮಲಗಿ.

ನಾನು ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುವವನು. ಆಟ ಮುಗಿಸಿ ಬೆಳಗಿನ ಜಾವ ಮಲಗುವುದು. ಈಚೆಗೆ ಬೈಕಿನಲ್ಲಿ ಬರುವಾಗ ಕಣ್ಣು ಎಳೆಯುತ್ತದೆ. ರಾತ್ರಿ ಬಂದು ಮಲಗಿ ಎಂದರೆ ನನಗೆ ಹೇಗೆ ನಿದ್ದೆ ಬರುವುದು? – ಪುತ್ತಿಗೆ

ಅಣ್ಣಾ, ಒಳ್ಳೆಯ ಪ್ರಶ್ನೆ. ಟೆಸ್ಟ್ ಬರೆದುಕೊಡುವಾಗಲೇ ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಹೇಳಬೇಕು. ನೀವು ದಿನಾ ಮಲಗುವ ಹೊತ್ತಿನಲ್ಲೇ ಟೆಸ್ಟ್ ಮಾಡುವುದು ಸರಿ. ಬೆಳಿಗ್ಗೆ ಮಲಗುವವರಿಗೆ ಹಗಲಲ್ಲೇ ಮಾಡಬಹುದು. ಎಲ್ಲ ಲ್ಯಾಬಿನಲ್ಲಿ ಹಗಲು ಜನ ಇರುವುದಿಲ್ಲ, ಮೊದಲೇ ಕೇಳಿ. ಇಲ್ಲವಾದರೆ ಮೇಳದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ, ಎರಡು ವಾರ ರಾತ್ರಿ ನಿದ್ದೆ ಅಭ್ಯಾಸವಾಗಲಿ, ಆಮೇಲೆ ಬನ್ನಿ. ಅಷ್ಟು ದಿನ ಕಾಯಬಹುದೋ ಇಲ್ಲವೋ ಎನ್ನುವುದನ್ನು ಮಾತ್ರ ಡಾಕ್ಟರೇ ಹೇಳಬೇಕು.

ತೂಕಡಿಕೆ ಎಷ್ಟು ಜೋರು ಎಂದು ತಿಳಿಯಲು 8 ಪ್ರಶ್ನೆಗಳ ಒಂದು ಹಾಳೆ ಉಂಟು. ಆಸ್ಟ್ರೇಲಿಯಾದ ಮರ್ರೆ ಜಾನ್ಸ್ ಎಂಬ ಡಾಕ್ಟರು 1991ರಲ್ಲಿ ಮಾಡಿದ್ದು. ಓದುವಾಗ, ಟಿವಿ ನೋಡುವಾಗ, ಊಟ ಮಾಡಿ ಸುಮ್ನೆ ಕೂತಾಗ ತೂಕಡಿಸುವ ಸಂಭವ ಎಷ್ಟು, ಹೀಗೆ. ಒಟ್ಟು 24 ಅಂಕ, 10 ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಅದಾಗುವವರೆಗೆ ಆಟ ಮುಗಿದ ಕೂಡಲೇ ಬೈಕ್ ಹತ್ತಬೇಡಿ ಅಣ್ಣಾ. ವೇಷ ಕಟ್ಟುವ ಚೌಕಿಯಲ್ಲೇ ಒಂದು ಗಂಟೆ ಮಲಗಿ ಬನ್ನಿ, ಇಲ್ಲ ಯಾರಾದರೂ ಕರೆದುಕೊಂಡು ಬರಲಿ. ನಾನೂ ಬೆಳಿಗ್ಗೆ ಅದೇ ಹೊತ್ತಿಗೆ ಮನೆಗೆ ಬರುವವಳು. ಆ ಹೊತ್ತಿನ ನಿದ್ದೆ ಎಷ್ಟು ಕೆಟ್ಟದ್ದು ಎಂದು ನನಗೆ ಗೊತ್ತು.

ಮನೆಯಲ್ಲೇ ಮಾಡುವ ಟೆಸ್ಟ್ ಬಂದಿದೆಯಂತೆ. ಅದು ಸಾಕಾಗದೇ? – ಮುಳ್ಳೇರಿಯ

ಗೊರಕೆ, ಉಸಿರು ನಿಲ್ಲುವುದು ಇವೆರಡೇ ಸಂಶಯ ಇದ್ದರೆ, ಬೇರೆ ದೊಡ್ಡ ಕಾಯಿಲೆ ಇಲ್ಲದಿದ್ದರೆ ಎಷ್ಟೋ ಸಲ ಸಾಕಾಗುತ್ತದೆ. ಆದರೆ ಮನೆಯ ಟೆಸ್ಟಿನಲ್ಲಿ ಸಾಮಾನ್ಯವಾಗಿ ಮಿದುಳಿನ ಅಲೆ ಇರುವುದಿಲ್ಲ, ಹಾಗಾಗಿ ನೀವು ನಿಜವಾಗಿ ನಿದ್ದೆ ಮಾಡಿದ್ದೀರಾ, ಸುಮ್ನೆ ಮಲಗಿದ್ದೀರಾ ಎಂದು ಅದಕ್ಕೆ ತಿಳಿಯುವುದಿಲ್ಲ. ಹೃದಯದ ಅಥವಾ ಶ್ವಾಸಕೋಶದ ಕಾಯಿಲೆ ಇರುವವರಿಗೆ, ನಿದ್ದೆಯಲ್ಲಿ ಎದ್ದು ನಡೆಯುವವರಿಗೆ, ಕೈಕಾಲು ಬಡಿಯುವವರಿಗೆ ಲ್ಯಾಬೇ ಬೇಕು.

ಮಾವನವರಿಗೆ ಸಿಪ್ಯಾಪ್ ಮೆಷಿನ್ ತಂದುಕೊಟ್ಟೆವು. ನಾಲ್ಕು ದಿನ ಹಾಕಿ ಕಪಾಟಿನಲ್ಲಿ ಇಟ್ಟರು. "ಮೂಗಿಗೆ ಮುಚ್ಚಳ ಹಾಕಿದ ಹಾಗಾಗ್ತದೆ" ಅನ್ನುತ್ತಾರೆ. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಕೂಡ ಹೋಗುತ್ತಿರುತ್ತದೆ. – ಪೆರ್ಲ

ಮಲಗಿದಾಗ ಮಾಸ್ಕಿನ ಮೂಲಕ ಗಾಳಿ ಒತ್ತುವ ಈ ಮೆಷಿನ್ ಕಪಾಟು ಸೇರಿತು ಎಂದು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ದುಡ್ಡು ಕೊಟ್ಟಿರುತ್ತೀರಿ. ಮಾವನವರಿಗೆ ಬುದ್ಧಿ ಹೇಳುವ ಮೊದಲು ಅವರ ಮಾಸ್ಕ್ ನೋಡಿ. ಹೆಚ್ಚಿನ ಕಡೆ ತಪ್ಪು ಇರುವುದು ಅಲ್ಲಿಯೇ. ಗಾಳಿ ಸೋರಿ ಕಣ್ಣಿಗೆ ಬಡಿಯುತ್ತದೆಯಾ? ಪಟ್ಟಿ ಬಿಗಿದು ಮೂಗಿನ ಮೇಲೆ ಗಾಯ ಆಗಿದೆಯಾ? ಬಾಯಿ ತೆರೆದು ಮಲಗುವವರಾ? ಹಾಗಿದ್ದರೆ ಮೂಗಿನ ಮಾಸ್ಕ್ ಮಾತ್ರ ಸಾಲದು, ಬಾಯಿಯೂ ಸೇರುವಂಥದ್ದು ಬೇಕಾಗಬಹುದು. ಮೀಸೆ, ಗಡ್ಡ ಇದ್ದರೆ ಅಳತೆ ಬದಲಾಗುತ್ತದೆ. ಮಾಸ್ಕ್ ಹಿಡಿದುಕೊಂಡು ಟೆಸ್ಟ್ ಮಾಡಿದಲ್ಲಿಗೇ ಹೋಗಿ, ಮಲಗಿಸಿ ನೋಡಿ ಎಂದು ಕೇಳಿ. ಕೂತಾಗ ಸರಿಯಾಗಿದ್ದ ಮಾಸ್ಕ್ ಮಲಗಿದಾಗ ಸೋರುತ್ತದೆ.

ಅಭ್ಯಾಸಕ್ಕೆ ಒಂದು ಉಪಾಯ. ರಾತ್ರಿ ಹಾಕಿಸಬೇಡಿ. ಸಂಜೆ ಅವರು ವಾರ್ತೆ ನೋಡುವಾಗ 10 ನಿಮಿಷ ಹಾಕಿಕೊಂಡು ಕೂರಲಿ, ಮರುದಿನ 20 ನಿಮಿಷ. ಆಮೇಲೆ ಮಧ್ಯಾಹ್ನದ ನಿದ್ದೆಗೆ. ವಾರ ಕಳೆದ ಮೇಲೆ ರಾತ್ರಿಗೆ. ಬಾಯಿ ಒಣಗುವುದಾದರೆ ನೀರಿನ ಡಬ್ಬ ಇರುವ ಹ್ಯುಮಿಡಿಫೈಯರ್ ಹಾಕಬೇಕು, ಡಿಸ್ಟಿಲ್ಡ್ ವಾಟರ್ ಹಾಕಿದರೆ ಒಳ್ಳೆಯದು. ನಮ್ಮ ಬಾವಿನೀರು ಕುಡಿಯಲು ಎಷ್ಟೇ ಸಿಹಿ ಇರಲಿ, ಡಬ್ಬದಲ್ಲಿ ಕಲೆ ಕಟ್ಟುತ್ತದೆ. ಕರೆಂಟಿನ ಚಿಂತೆಗೆ, ಮೆಷಿನನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ನೀರು ಬಿಸಿ ಮಾಡುವುದನ್ನು ಆಫ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಕರೆಂಟ್ ಹೋಗಿ ಮೆಷಿನ್ ನಿಂತರೂ ಉಸಿರು ಕಟ್ಟುವುದಿಲ್ಲ, ಮಾಸ್ಕಿನಲ್ಲಿ ಗಾಳಿ ಹೋಗುವ ರಂಧ್ರ ಇರುತ್ತದೆ. ಮಾಸ್ಕ್ ತೆಗೆದರೆ ಆಯಿತು. ಇದನ್ನು ಮಾವನವರಿಗೆ ಹೇಳಿ. ಬಾಯಿಬಿಟ್ಟು ಹೇಳದಿದ್ದರೂ ಎಷ್ಟೋ ಜನ ಹೆದರುವುದು ಇದಕ್ಕೇ.

ಮೆಷಿನ್ ಮಾಡುವುದು ಇಷ್ಟೇ: ಮುಚ್ಚಿಹೋಗುವ ಗಂಟಲನ್ನು ಗಾಳಿಯ ಒತ್ತಡದಿಂದ ತೆರೆದಿಡುವುದು. ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಅವರ ಜೊತೆಯವರು 1981ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕಿಂತ ಮೊದಲು ತೀರಾ ಜೋರಿದ್ದವರಿಗೆ ಗಂಟಲಿನಲ್ಲಿ ತೂತು ಮಾಡುವುದೇ ದಾರಿಯಾಗಿತ್ತು. ಒತ್ತಡ ಎಷ್ಟು ಬೇಕೆಂದು ನಾವು ರಾತ್ರಿಯಲ್ಲಿ 4ರಿಂದ ಶುರು ಮಾಡಿ ಒಂದೊಂದೇ ಏರಿಸಿ ನೋಡುತ್ತೇವೆ. ಸರಿಯಾದ ಒತ್ತಡ ಸಿಕ್ಕಿದಾಗ ಸ್ಕ್ರೀನಿನ ಮೇಲೆ ಉಸಿರಿನ ಗೆರೆ ದುಂಡಗಾಗಿ, ಒಂದೇ ಸಮ ಬರಲು ಶುರುವಾಗುತ್ತದೆ. ಗೊರಕೆಯ ಗೆರೆ ಸಪಾಟು. ಆ ಕ್ಷಣ ನೋಡಲಿಕ್ಕೆಂದೇ ನಾನು ಈ ಕೆಲಸದಲ್ಲಿ ಉಳಿದೆ ಎಂದರೂ ತಪ್ಪಿಲ್ಲ.

ಬಿ.ಎಸ್ಸಿ. ಕೊನೆಯ ವರ್ಷ. ಈ ಕೆಲಸಕ್ಕೆ ಏನು ಓದಬೇಕು? ನಾನು ಪ್ಲಸ್ ಟುವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಅಷ್ಟಕ್ಕಷ್ಟೆ. – ಬದಿಯಡ್ಕ

ತಂಗೀ, ನಾನೂ ಕನ್ನಡ ಮೀಡಿಯಂನವಳೇ. ಸ್ಕ್ರೀನಿನ ಗೆರೆ ಓದಲು ಇಂಗ್ಲಿಷ್ ಬೇಕಾಗಿಲ್ಲ. ನಿಯಮದ ಪುಸ್ತಕಕ್ಕೆ ಬೇಕು, ಅದನ್ನು ಓದಿ ಓದಿ ಕಲಿಯಬಹುದು.

ನಮ್ಮಲ್ಲಿ ಈ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ರೆಸ್ಪಿರೇಟರಿ ಥೆರಪಿ ಅಥವಾ ನ್ಯೂರೋ ಟೆಕ್ನಾಲಜಿ ಓದಿದವರು, ಕೆಲವರು ನರ್ಸಿಂಗಿನಿಂದ ಬಂದವರು. ಮಣಿಪಾಲದಲ್ಲಿ ರೆಸ್ಪಿರೇಟರಿ ಥೆರಪಿ ಉಂಟು. ಮಿದುಳಿನ ಅಲೆಯ ಕೆಲಸ ಕಲಿಯಲು ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇವೆ. ಅರ್ಜಿ ಹಾಕುವ ಮೊದಲು ಈ ವರ್ಷದ ಕೋರ್ಸ್, ಸೀಟು ಅವರ ಪ್ರಕಟಣೆಯಲ್ಲೇ ನೋಡಿಕೋ. ಅಂತಾರಾಷ್ಟ್ರೀಯ ಪರೀಕ್ಷೆ ಬೇಕಾದರೆ ಆರ್‌ಪಿಎಸ್‌ಜಿಟಿ ಎನ್ನುವುದು ಇದೆ, ಸ್ವಲ್ಪ ವರ್ಷ ಕೆಲಸ ಮಾಡಿ ಬರೆ. 2021ರಲ್ಲಿ ನಮ್ಮಂಥ ಕೆಲಸಗಳಿಗೂ ಸೇರಿ ಒಂದು ರಾಷ್ಟ್ರೀಯ ಕಾನೂನು ಬಂದಿದೆ. ಹಾಗಾಗಿ ಗುರುತಿಲ್ಲದ ಸಂಸ್ಥೆಗೆ ದುಡ್ಡು ಕಟ್ಟಬೇಡ.

ಕಲಿಯುವುದು ಏನು ಎಂದರೆ, ಮುಖ್ಯವಾಗಿ ಓದುವುದು. ರಾತ್ರಿಯ ರೆಕಾರ್ಡನ್ನು 30 ಸೆಕೆಂಡಿನ ಪುಟಗಳಾಗಿ ಮಾಡಿ, ಪ್ರತಿ ಪುಟಕ್ಕೂ ಇದು ಎಚ್ಚರ, ಇದು ತೆಳು ನಿದ್ದೆ, ಇದು ಗಾಢ ನಿದ್ದೆ, ಇದು ಕನಸಿನ ನಿದ್ದೆ ಎಂದು ಬರೆಯಬೇಕು. 8 ಗಂಟೆಗೆ 960 ಪುಟ. ಈಗ ಕಂಪ್ಯೂಟರ್ ಇದೆ. ಹಿಂದೆ ಕಾಗದದ ಮೇಲೆ ಬರೆಸುತ್ತಿದ್ದರು, ಸೆಕೆಂಡಿಗೆ 1 ಸೆಂಟಿಮೀಟರ್ ಓಡಿದರೂ ಒಂದು ರಾತ್ರಿಗೆ 288 ಮೀಟರ್ ಕಾಗದ! ನಿಯಮಗಳು 1968ರಲ್ಲಿ ಒಮ್ಮೆ ಬಂದವು, 2007ರಲ್ಲಿ ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ಹೊಸದಾಗಿ ಮಾಡಿತು. ಆಮೇಲೂ ಅದನ್ನು ತಿದ್ದುತ್ತ ಬಂದಿದ್ದಾರೆ, ಈಗ ನಾವು ನೋಡುವುದು ಅದನ್ನೇ.

ಅದೆಲ್ಲ ಯಾರು ಬೇಕಾದರೂ ಕಲಿಸುತ್ತಾರೆ. ಕಲಿಸದ ಒಂದನ್ನು ಹೇಳುತ್ತೇನೆ, ನನ್ನಿಂದ ಆದ ತಪ್ಪು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಬ್ಬರು ಅಜ್ಜಿ ಬಂದಿದ್ದರು, ಗಡಿಯ ಆಚೆಯ, ನಮ್ಮ ಕಡೆಯವರೇ. ತುಳು ಮಾತ್ರ ಬರುತ್ತಿತ್ತು. ಜೊತೆಗೆ ಬಂದ ಮೊಮ್ಮಗಳನ್ನು ಹೊರಗೆ ಕಳಿಸಿದೆವು. ನಾನು ಹೊಸಬಳು, ಹೆದರಿಕೆಯಲ್ಲಿ ಹಾಳೆಯಲ್ಲಿದ್ದದ್ದನ್ನು ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ ಓದಿದೆ. ಕಣ್ಣು ಮುಚ್ಚಿ, ತೆರೆಯಿರಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಹಲ್ಲು ಕಚ್ಚಿ, ಪಾದ ಮಡಚಿ. ಕೈಸನ್ನೆ ನೋಡಿ ಹೇಗೋ ಮಾಡಿದರು. ದೀಪ ಆರಿಸಿದೆ. ರಾತ್ರಿಯಿಡೀ ಅವರು ಅಂಗಾತ ಮಲಗಿದ್ದರು, ಕೋಲಿನ ಹಾಗೆ. ಒಟ್ಟು ನಿದ್ದೆ ಒಂದು ಗಂಟೆಯೂ ಇಲ್ಲ. ಬೆಳಿಗ್ಗೆ ವಯರು ಬಿಚ್ಚುವಾಗ ಅವರು ತುಳುವಿನಲ್ಲಿ ಕೇಳಿದ್ದು, "ಇನ್ನು ಹೊರಳಬಹುದಾ ಮಗಳೇ?" ಹೊರಳಿದರೆ ವಯರು ಕಡಿದು ಹೋದೀತು, ನಮಗೆ ನಷ್ಟವಾದೀತು ಎಂದು ಹಾಗೆ ಮಲಗಿದ್ದರಂತೆ. ಮೂತ್ರಕ್ಕೂ ಹೋಗಿರಲಿಲ್ಲ. ತುಳು ನನ್ನ ಮನೆಮಾತು! ಒಂದು ಮಾತು ಹೇಳಲು ನನಗೆ ಹೊಳೆಯಲಿಲ್ಲ. ಅವರು ಇನ್ನೊಮ್ಮೆ ಬರಬೇಕಾಯಿತು.

ಆ ದಿನದಿಂದ ದೀಪ ಆರಿಸುವ ಮೊದಲು ಮೂರು ಮಾತು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹೇಗೆ ಬೇಕಾದರೂ ಹೊರಳಿ, ಏನೂ ಕಡಿಯುವುದಿಲ್ಲ. ಎಷ್ಟು ಸಲ ಬೇಕಾದರೂ ಬಾತ್‌ರೂಮಿಗೆ ಕರೆಯಿರಿ, ಒಂದೇ ಪ್ಲಗ್ ತೆಗೆದು ಕೈಗೆ ಕೊಡುತ್ತೇನೆ. ನಾನು ಆ ಗೋಡೆಯ ಆಚೆ ಎಚ್ಚರವಾಗಿಯೇ ಇರುತ್ತೇನೆ. ತುಳು, ಕನ್ನಡ, ಮಲಯಾಳಂ, ಬ್ಯಾರಿ, ಕೊಂಕಣಿ, ಯಾರಿಗೆ ಯಾವುದೋ ಅದರಲ್ಲೇ. ನಮ್ಮ ಕಾಸರಗೋಡಿನವರಿಗೆ ನಾಲ್ಕು ಭಾಷೆ ಬೀದಿಯಲ್ಲೇ ಬಂದಿರುತ್ತದೆ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಬಂಡವಾಳ ನಿನಗೆ ಬೇಡ ತಂಗೀ.

ಮಗಳಿಗೆ ಸ್ಲೀಪ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ರಾತ್ರಿ ಪಾಳಿ, ಗಂಡಸರು ಮಲಗುವ ಕೋಣೆ. ಕಳಿಸಬಹುದೇ? – ಮಂಜೇಶ್ವರದ ತಾಯಿ

ನನ್ನ ಅಮ್ಮನೂ ಇದನ್ನೇ ಕೇಳಿದ್ದರು. ಕಳಿಸಿ ಅಮ್ಮಾ, ಆದರೆ ಕೇಳಿ ತಿಳಿದು ಕಳಿಸಿ. ರಾತ್ರಿ ಆ ಮಹಡಿಯಲ್ಲಿ ಇನ್ನೊಬ್ಬರು ಸ್ಟಾಫ್ ಇರುತ್ತಾರಾ? ರೋಗಿಯ ಕೋಣೆಯ ಕ್ಯಾಮರಾ ಇಡೀ ರಾತ್ರಿ ರೆಕಾರ್ಡ್ ಆಗುತ್ತದಾ? ಒಬ್ಬ ಟೆಕ್ನಿಷಿಯನ್‌ಗೆ ಎಷ್ಟು ರೋಗಿಗಳು? ಇಬ್ಬರಿಗಿಂತ ಜಾಸ್ತಿ ಕೊಟ್ಟರೆ ಒಪ್ಪಬೇಡಿ. ನಾನು ಮೊದಲು ಕೆಲಸ ಮಾಡಿದ ಒಂದು ಜಾಗದಲ್ಲಿ ನಾಲ್ವರನ್ನು ನನ್ನೊಬ್ಬಳಿಗೆ ಬಿಡುತ್ತಿದ್ದರು. ಒಂದು ರಾತ್ರಿ ಒಬ್ಬರ ಮೂಗಿನ ಕೊಳವೆ ಜಾರಿದ್ದು ಎರಡು ಗಂಟೆ ನನ್ನ ಕಣ್ಣಿಗೆ ಬೀಳಲಿಲ್ಲ. ಮಧ್ಯರಾತ್ರಿ ಒಬ್ಬರಿಗೆ ಎದೆನೋವು ಬಂದಿದ್ದರೆ? ಆ ತಿಂಗಳೇ ಬಿಟ್ಟೆ. ಹೃದಯದ ಗೆರೆಯಲ್ಲಿ ವ್ಯತ್ಯಾಸ ಕಂಡರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿಗೆ ಡಾಕ್ಟರು ಬರುತ್ತಾರೆ, ಇದು ಬರೆದು ಗೋಡೆಗೆ ಅಂಟಿಸಿರಬೇಕು.

ಇನ್ನು ಮನೆಯಲ್ಲಿ ನೀವು ಮಾಡಬೇಕಾದ್ದು. ಹಗಲು ಅವಳು ಮಲಗಿದಾಗ ಅದನ್ನು ರಾತ್ರಿ ಎಂದೇ ತಿಳಿಯಿರಿ. ನನ್ನ ಅತ್ತೆ ಕಿಟಕಿಗೆ ಕಪ್ಪು ಬಟ್ಟೆ ಹೊಲಿದು ಹಾಕಿದರು, ಬೆಲ್ಲಿನ ಸ್ವಿಚ್ ಆಫ್ ಮಾಡಿದರು, ಮಿಕ್ಸಿ ತಿರುಗಿಸುವುದನ್ನು ಸಂಜೆಗೆ ಹಾಕಿದರು. ಬಂದವರಿಗೆ "ಸೊಸೆ ಡ್ಯೂಟಿ ಮಾಡಿ ಬಂದಿದ್ದಾಳೆ" ಎಂದು ಅಂಗಳದಲ್ಲೇ ಹೇಳಿ ಕೂರಿಸುತ್ತಾರೆ. 14 ವರ್ಷ ನನ್ನ ಆರೋಗ್ಯ ಉಳಿದದ್ದು ಅವರಿಂದ.

ನಿಮ್ಮ ಟಿವಿಯಲ್ಲಿ ಕನಸು ಕಾಣಿಸುತ್ತದಾ? – 6ನೇ ಕ್ಲಾಸ್, ನೀರ್ಚಾಲು

ಪುಟ್ಟಾ, ಏನು ಕನಸು ಅಂತ ಕಾಣುವುದಿಲ್ಲ. ಕನಸು ಬೀಳುವ ಹೊತ್ತು ಬಂತು ಅಂತ ಮಾತ್ರ ಕಾಣುತ್ತದೆ. ಮುಚ್ಚಿದ ರೆಪ್ಪೆಯ ಒಳಗೆ ಕಣ್ಣು ಅತ್ತಿಂದಿತ್ತ ಓಡುತ್ತದೆ. ಗದ್ದದ ಗೆರೆ ಪೂರ್ತಿ ಸಪಾಟಾಗುತ್ತದೆ, ಯಾಕೆಂದರೆ ಆಗ ಮೈ ಸಡಿಲ ಬಿಟ್ಟಿರುತ್ತದೆ. 1953ರಲ್ಲಿ ಶಿಕಾಗೋದ ಅಸೆರಿನ್ಸ್ಕಿ, ಕ್ಲೈಟ್‌ಮನ್ ಎಂಬ ಇಬ್ಬರು ಇದನ್ನು ಬರೆದಿಟ್ಟರು. ಅಸೆರಿನ್ಸ್ಕಿ ಮೊದಲು ವಯರು ಹಚ್ಚಿ ನೋಡಿದವರಲ್ಲಿ ಅವರ ಸ್ವಂತ ಮಗನೂ ಇದ್ದ, ನಿನ್ನಂಥ ಸಣ್ಣ ಹುಡುಗ. ಸುಮಾರು 90 ನಿಮಿಷಕ್ಕೊಮ್ಮೆ ಈ ನಿದ್ದೆ ಬರುತ್ತದೆ, ಬೆಳಗಿನ ಕಡೆಗೆ ಜಾಸ್ತಿ ಹೊತ್ತು ಇರುತ್ತದೆ.

ನಾವು ಎಬ್ಬಿಸುವುದು 6 ಗಂಟೆಗೆ. ಮೊನ್ನೆ ಒಬ್ಬರು ಅಡಿಕೆ ತೋಟದ ಅಜ್ಜ ಮಲಗಿದ್ದರು. 6 ಆಯಿತು, ನೋಡಿದರೆ ಅವರ ಕಣ್ಣು ಇನ್ನೂ ಓಡುತ್ತಲೇ ಇದೆ. ಕೋಣೆಯ ಬಾಗಿಲ ಹತ್ತಿರ ಹೋದವಳು ವಾಪಸ್ ಬಂದು ಕೂತೆ. ಹನ್ನೊಂದು ನಿಮಿಷ ಕಳೆದ ಮೇಲೆ ಗೆರೆ ಬದಲಾಯಿತು. ಆಮೇಲೆ ಹೋಗಿ, ದೀಪ ಹಾಕದೆ, ಮೆಲ್ಲನೆ ಕರೆದೆ, "ಅಜ್ಜಾ, ಬೆಳಗಾಯಿತು."